ಹಳೆಯ ಡೆಸ್ಕ್‌ಟಾಪ್‌ಗೆ ರ‍್ಯಾಮ್ ಹಾಕಿಸಬೇಕೇ?

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ನಮ್ಮದೊಂದು ಚಿಕ್ಕ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. 2014ರಲ್ಲಿ ಜೋಡಿಸಿಕೊಂಡ ಕಂಪ್ಯೂಟರ್. ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ನುಡಿ, ವರ್ಡ್, ಸ್ಕ್ಯಾನಿಂಗ್, ಆನ್‌ಲೈನ್ ಅರ್ಜಿ ತುಂಬುವುದು, ಇಷ್ಟೇ ನಮ್ಮ ಕೆಲಸ. ಈಚೆಗೆ ತೀರಾ ನಿಧಾನವಾಗಿದೆ. ರಿಪೇರಿ ಮಾಡುವವರು ರ‍್ಯಾಮ್ ಹೆಚ್ಚಿಸಿ ಎನ್ನುತ್ತಾರೆ. ಡಿಸ್ಕ್‌ನಲ್ಲಿ 300 ಜಿಬಿ ಖಾಲಿ ಇರುವಾಗ ಮೆಮೊರಿ ಸಾಲದೆ ಹೋಗುವುದು ಹೇಗೆ? ಇಷ್ಟು ಹಳೆಯ ಯಂತ್ರಕ್ಕೆ ಹಣ ಹಾಕುವುದು ಸರಿಯೇ?

ಉತ್ತರ: ಹಣ ಕೊಡುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಡಿಸ್ಕ್ ಖಾಲಿ ಇದ್ದರೂ ಮೆಮೊರಿ ತುಂಬುವುದು ಹೇಗೆ ಎಂಬುದು ಒಂದು, ಈ ಯಂತ್ರಕ್ಕೆ ಖರ್ಚು ಮಾಡಬೇಕೇ ಎಂಬುದು ಇನ್ನೊಂದು. ಮೊದಲನೆಯದು ತಿಳಿಯಾದರೆ ಎರಡನೆಯದಕ್ಕೆ ಉತ್ತರವನ್ನು ನೀವೇ ಕಂಡುಕೊಳ್ಳಬಹುದು.

ಎರಡನ್ನೂ ಜಿಬಿಯಲ್ಲೇ ಅಳೆಯುವುದರಿಂದ ಈ ಗೊಂದಲ ಬಹಳ ಜನರಿಗೆ ಇದೆ. ಹಾರ್ಡ್ ಡಿಸ್ಕ್ ಉಗ್ರಾಣವಿದ್ದ ಹಾಗೆ, ರ‍್ಯಾಮ್ ಅಡುಗೆಮನೆಯ ಕಟ್ಟೆಯಿದ್ದ ಹಾಗೆ. ಉಗ್ರಾಣ ಎಷ್ಟೇ ಖಾಲಿ ಇರಲಿ, ಹೆಚ್ಚುವುದು, ಕಲಸುವುದು, ಲಟ್ಟಿಸುವುದು ನಡೆಯಬೇಕಾದದ್ದು ಕಟ್ಟೆಯ ಮೇಲೆಯೇ. ನೀವು ತೆರೆದಿಟ್ಟ ಪ್ರತಿಯೊಂದು ಕಡತವೂ ಬ್ರೌಸರಿನ ಪ್ರತಿಯೊಂದು ಟ್ಯಾಬೂ ರ‍್ಯಾಮ್‌ನಲ್ಲಿ ಜಾಗ ಹಿಡಿಯುತ್ತದೆ. ಕಂಪ್ಯೂಟರ್ ಆರಿಸಿದರೆ ಅದೆಲ್ಲ ಅಳಿಸಿಹೋಗುತ್ತದೆ, ಡಿಸ್ಕ್‌ನಲ್ಲಿ ಉಳಿಸಿದ್ದು ಮಾತ್ರ ಉಳಿಯುತ್ತದೆ. ಆದ್ದರಿಂದ ಹಳೆಯ ಫೋಟೊ, ಸಿನಿಮಾಗಳನ್ನು ಅಳಿಸಿ ಡಿಸ್ಕ್ ಖಾಲಿ ಮಾಡಿದರೆ ರ‍್ಯಾಮ್ ಕೊರತೆ ಒಂದಿಷ್ಟೂ ನೀಗುವುದಿಲ್ಲ.

ನಿಮ್ಮ ಕೆಲಸದಿಂದಲೇ ಒಂದು ಲೆಕ್ಕ ನೋಡೋಣ. ಎ4 ಹಾಳೆಯೊಂದನ್ನು 300 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡುತ್ತೀರಿ ಎನ್ನಿ. ಅಗಲಕ್ಕೆ 2480, ಉದ್ದಕ್ಕೆ 3508 ಚುಕ್ಕೆ, ಒಟ್ಟು ಸುಮಾರು 87 ಲಕ್ಷ. ಒಂದೊಂದು ಚುಕ್ಕೆಗೆ 3 ಬೈಟ್ ಹಿಡಿದರೆ 26 ಎಂಬಿ ಆಯಿತು. ಡಿಸ್ಕ್‌ನಲ್ಲಿ ಜೆಪೆಗ್ ಆಗಿ ಅದೇ ಹಾಳೆ ಒಂದೆರಡು ಎಂಬಿಯಷ್ಟೇ ಕಾಣುತ್ತದೆ, ಏಕೆಂದರೆ ಅಲ್ಲಿ ಅದನ್ನು ಅಡಕ ಮಾಡಿ ಇಟ್ಟಿರುತ್ತಾರೆ. ತೆರೆದು ತಿದ್ದುವಾಗ ಪೂರಾ ಬಿಡಿಸಲೇಬೇಕು. ಡಿಪಿಐ 600ಕ್ಕೆ ಏರಿಸಿದರೆ ಇದು ನಾಲ್ಕು ಪಟ್ಟಾಗಿ 104 ಎಂಬಿ ತಲುಪುತ್ತದೆ. ಅರ್ಜಿಗೆ ಲಗತ್ತಿಸಲು ಸಾಮಾನ್ಯವಾಗಿ 200 ಅಥವಾ 300 ಡಿಪಿಐ ಧಾರಾಳ ಸಾಕು. ಸ್ಕ್ಯಾನರ್ ಸೆಟ್ಟಿಂಗ್ 600ರಲ್ಲಿ ಇದ್ದರೆ ಇವತ್ತೇ ಇಳಿಸಿ, ಅದಕ್ಕೆ ಕಾಸು ಖರ್ಚಿಲ್ಲ.

ಇನ್ನು 4 ಜಿಬಿಯಲ್ಲಿ ವಿಂಡೋಸ್ 10 ತಾನೇ ಒಂದೂವರೆಯಿಂದ ಎರಡು ಜಿಬಿ ಹಿಡಿದುಕೊಳ್ಳುತ್ತದೆ. ನುಡಿ, ವರ್ಡ್ ಎರಡೂ ಅಷ್ಟೇನೂ ಹೊರೆಯಲ್ಲ. ದೊಡ್ಡ ಪಾಲು ಬ್ರೌಸರಿನದು. ಒಂದೊಂದು ಟ್ಯಾಬ್ ನೂರಿನ್ನೂರು ಎಂಬಿ ತೆಗೆದುಕೊಳ್ಳುವುದು ಮಾಮೂಲು. ಒಬ್ಬರ ಅರ್ಜಿ ಅರ್ಧಕ್ಕೆ ನಿಂತಿದೆ, ಇನ್ನೊಬ್ಬರದು ಒಟಿಪಿಗೆ ಕಾಯುತ್ತಿದೆ, ಮತ್ತೊಬ್ಬರದು ಪ್ರಿಂಟಿಗೆ ಬಂದಿದೆ ಎನ್ನುವ ಹೊತ್ತಿಗೆ ನಿಮ್ಮಲ್ಲಿ ಹತ್ತು ಟ್ಯಾಬ್ ತೆರೆದಿರುತ್ತವೆ.

ರ‍್ಯಾಮ್ ತುಂಬಿದ ಮೇಲೆ ಕಂಪ್ಯೂಟರ್ ನಿಂತುಹೋಗುವುದಿಲ್ಲ. ಸದ್ಯಕ್ಕೆ ಬೇಡದ್ದನ್ನು ಡಿಸ್ಕ್‌ನಲ್ಲಿರುವ ಪೇಜ್ ಫೈಲ್ ಎಂಬ ಜಾಗಕ್ಕೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ನಿಮ್ಮನ್ನು ಕಾಡುತ್ತಿರುವುದು ಬಹುಶಃ ಈ ಓಡಾಟವೇ. ಸಾಮಾನ್ಯ ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್‌ನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿದು, ತಟ್ಟೆ ತಿರುಗಿ ಬರುವ ತನಕ ಸುಮಾರು 10 ಮಿಲಿಸೆಕೆಂಡು ಕಳೆಯುತ್ತದೆ. ರ‍್ಯಾಮ್‌ನಿಂದ ಅದೇ ಮಾಹಿತಿ ಒಂದು ಮಿಲಿಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲಿ ಸಿಗುತ್ತದೆ. ಸುಮಾರು ಒಂದು ಲಕ್ಷ ಪಟ್ಟು ವ್ಯತ್ಯಾಸ. ಟ್ಯಾಬ್ ಬದಲಿಸಿದಾಗ ಪರದೆ ಬೆಳ್ಳಗಾಗಿ, ಕ್ಯಾಬಿನೆಟ್‌ನ ಕೆಂಪು ದೀಪ ಬಿಡದೆ ಮಿನುಗುತ್ತಿದ್ದರೆ ಡಿಸ್ಕ್ ಇದೇ ಕೆಲಸದಲ್ಲಿ ತೊಡಗಿರುವ ಸಂಭವ ಹೆಚ್ಚು.

ಆದರೆ ಊಹೆಯ ಮೇಲೆ ಹಣ ಖರ್ಚು ಮಾಡುವುದು ಬೇಡ. ಅಂಗಡಿಯಲ್ಲಿ ಗಿರಾಕಿಗಳು ಹೆಚ್ಚಿರುವ ಹೊತ್ತಿನಲ್ಲಿ, ದಿನವೂ ತೆರೆಯುವುದನ್ನೆಲ್ಲ ತೆರೆದಿಟ್ಟುಕೊಂಡು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಬೆಳಿಗ್ಗೆ ಆನ್ ಮಾಡಿದ ಕೂಡಲೇ ನೋಡಬೇಡಿ, ಆಗ ವಿಂಡೋಸ್ ತನ್ನದೇ ಕೆಲಸಗಳಲ್ಲಿ ಮುಳುಗಿರುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಮೂರು ಗ್ರಾಫ್ ಇವೆ.

ಮೆಮೊರಿ ಶೇ 85–90 ದಾಟಿದ್ದು, ಡಿಸ್ಕ್ ಕೂಡ ಮತ್ತೆ ಮತ್ತೆ ಶೇ 100 ಮುಟ್ಟುತ್ತಿದ್ದರೆ ರ‍್ಯಾಮ್ ನಿಜಕ್ಕೂ ಸಾಲುತ್ತಿಲ್ಲ. ಅಲ್ಲೇ ಕೆಳಗೆ ಕಮಿಟೆಡ್ ಎಂದು ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ತೆರೆದಿರುವ ಪ್ರೋಗ್ರಾಂಗಳೆಲ್ಲ ಸೇರಿ ಕೇಳಿರುವ ಒಟ್ಟು ಮೆಮೊರಿ. ಅದು 4 ಜಿಬಿ ಮೀರಿ 5, 6 ಆಗಿದ್ದರೆ ಕೊರತೆ ಎಷ್ಟು ಎಂಬ ಅಂದಾಜೂ ಸಿಕ್ಕಿತು. ಮೆಮೊರಿ ಶೇ 60ರ ಆಸುಪಾಸಿನಲ್ಲಿದ್ದು ಡಿಸ್ಕ್ ಮಾತ್ರ ಶೇ 100 ಇದ್ದರೆ ಸಮಸ್ಯೆ ಹಾರ್ಡ್ ಡಿಸ್ಕ್‌ನದು. ಹಾಗಿರುವಾಗ 16 ಜಿಬಿ ರ‍್ಯಾಮ್ ಹಾಕಿಸಿದರೂ ನಿಮಗೆ ವ್ಯತ್ಯಾಸ ಕಾಣುವುದಿಲ್ಲ. ಸಿಪಿಯು ಒಂದೇ ಸಮನೆ ಶೇ 100 ಇದ್ದರೆ ರ‍್ಯಾಮೂ ಡಿಸ್ಕೂ ಎರಡೂ ಮದ್ದಲ್ಲ. ಯಾವ ಪ್ರೋಗ್ರಾಂ ಹಾಗೆ ಮಾಡುತ್ತಿದೆ ಎಂಬುದನ್ನು ಪ್ರೊಸೆಸಸ್ ಪಟ್ಟಿಯಲ್ಲಿ ನೋಡಬೇಕು.

ಅಲ್ಲಿ ಕ್ಯಾಶ್ಡ್ ಎಂದು ತೋರಿಸುವ ಮೆಮೊರಿಯನ್ನು ನೋಡಿ ಗಾಬರಿಯಾಗಬೇಡಿ. ಖಾಲಿ ಬಿದ್ದಿರುವ ರ‍್ಯಾಮ್‌ನಲ್ಲಿ ವಿಂಡೋಸ್ ಮುಂದೆ ಬೇಕಾಗಬಹುದಾದದ್ದನ್ನು ತಂದಿಟ್ಟುಕೊಂಡಿರುತ್ತದೆ, ಬೇರೆ ಕೆಲಸಕ್ಕೆ ಜಾಗ ಬೇಕಾದಾಗ ಬಿಟ್ಟುಕೊಡುತ್ತದೆ.

ರ‍್ಯಾಮ್ ಬೇಕೆಂದೇ ತೀರ್ಮಾನವಾಯಿತು ಎನ್ನೋಣ. ಆಗ ಮೊದಲು ನೋಡಬೇಕಾದದ್ದು ನಿಮ್ಮ ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ಎಂಬುದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ ಬರೆದಿರುತ್ತದೆ. ಹಳೆಯ ಪ್ರಿಂಟರ್, ಹಳೆಯ ತಂತ್ರಾಂಶ ನಡೆಯಲೆಂದು ಅಂಗಡಿಗಳಲ್ಲಿ 32 ಬಿಟ್ ಹಾಕಿಸಿಕೊಳ್ಳುವುದು ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು. ಆ ವಿಂಡೋಸ್ 4 ಜಿಬಿಗಿಂತ ಹೆಚ್ಚು ಮೆಮೊರಿಯನ್ನು ಬಳಸಿಕೊಳ್ಳಲಾರದು, ಅದರಲ್ಲೂ ಸ್ವಲ್ಪ ಬೇರೆ ಸಾಧನಗಳ ಪಾಲಾಗಿ ಮೂರು ಮೂರೂವರೆ ಜಿಬಿ ಕೈಗೆ ಸಿಗುತ್ತದೆ. 64 ಬಿಟ್‌ಗೆ ಹೋಗಬೇಕೆಂದರೆ ವಿಂಡೋಸನ್ನು ಹೊಸದಾಗಿಯೇ ಹಾಕಬೇಕು. ಇದನ್ನು ನೋಡದೆ ರ‍್ಯಾಮ್ ಕೊಂಡರೆ ದುಡ್ಡು ದಂಡ.

ಆಮೇಲೆ ರ‍್ಯಾಮ್‌ನ ಜಾತಿ. ನಾಲ್ಕನೇ ತಲೆಮಾರಿನ ಐ3 ಇರುವುದರಿಂದ ನಿಮ್ಮ ಬೋರ್ಡಿಗೆ ಬೇಕಾದದ್ದು ಡಿಡಿಆರ್3. ಈಗ ಅಂಗಡಿಗಳಲ್ಲಿ ಮುಂದೆ ಇಟ್ಟಿರುವುದು ಡಿಡಿಆರ್4, ಡಿಡಿಆರ್5. ಅವು ನಿಮ್ಮ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಡಿಡಿಆರ್3 ಪಟ್ಟಿಗೆ 240 ಸಂಪರ್ಕ ಬಿಂದುಗಳು, ಡಿಡಿಆರ್4ಕ್ಕೆ 288. ನಡುವೆ ಇರುವ ಕಚ್ಚಿನ ಜಾಗವೂ ಬೇರೆ. ಲ್ಯಾಪ್‌ಟಾಪಿನ ರ‍್ಯಾಮ್ ಉದ್ದದಲ್ಲಿ ಅರ್ಧದಷ್ಟೇ ಇರುವುದರಿಂದ ಅದೂ ಆಗದು. ಬೋರ್ಡಿನ ಹೆಸರು, ಮಾದರಿ ತಿಳಿಯದಿದ್ದರೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ಆ ಕಾಲದ ಅಗ್ಗದ ಬೋರ್ಡುಗಳಲ್ಲಿ ಹೆಚ್ಚಾಗಿ ಇದ್ದದ್ದು ಎಚ್81 ಚಿಪ್‌ಸೆಟ್. ಅದಾದರೆ ಎರಡು ಸ್ಲಾಟ್, ಗರಿಷ್ಠ 16 ಜಿಬಿ. ಟಾಸ್ಕ್ ಮ್ಯಾನೇಜರಿನಲ್ಲೇ ಎಷ್ಟು ಸ್ಲಾಟ್ ತುಂಬಿದೆ ಎಂದೂ ಇರುತ್ತದೆ. ಎರಡರಲ್ಲಿ ಒಂದು ಎಂದಿದ್ದರೆ ಇನ್ನೊಂದು 4 ಜಿಬಿ ಪಟ್ಟಿ ಸೇರಿಸಿದರೆ ಆಯಿತು, ಹಳೆಯದನ್ನು ತೆಗೆಯಬೇಕಿಲ್ಲ. ಎರಡೂ ಸಮನಾಗಿದ್ದರೆ ಪ್ರೊಸೆಸರ್ ಎರಡರಿಂದಲೂ ಏಕಕಾಲಕ್ಕೆ ಓದುತ್ತದೆ ಎಂಬ ಲಾಭವೂ ಇದೆ. ಒಂದರ ವೇಗ 1333, ಇನ್ನೊಂದರದು 1600 ಇದ್ದರೆ ಎರಡೂ 1333ಕ್ಕೆ ಹೊಂದಿಕೊಂಡು ನಡೆಯುತ್ತವೆ, ಅದರಿಂದ ನಿಮಗೇನೂ ತೊಂದರೆಯಿಲ್ಲ.

ಡಿಡಿಆರ್3 ಈಗ ಬಹುಪಾಲು ಸೆಕೆಂಡ್ ಹ್ಯಾಂಡ್ ಮಾಲು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ರಿಪೇರಿ ಅಂಗಡಿಯಲ್ಲಾಗಲಿ ಕೊಳ್ಳುವಾಗ ಎರಡು ಮಾತು ಕೇಳಿ. ಸರ್ವರ್‌ಗಳಿಂದ ಬಿಚ್ಚಿದ ರಿಜಿಸ್ಟರ್ಡ್ ಇಸಿಸಿ ರ‍್ಯಾಮ್ ತೀರಾ ಅಗ್ಗಕ್ಕೆ ಸಿಗುತ್ತದೆ, ನೋಡಲಿಕ್ಕೂ ಇದರಂತೆಯೇ ಇರುತ್ತದೆ, ಆದರೆ ನಿಮ್ಮ ಬೋರ್ಡಿನಲ್ಲಿ ನಡೆಯದು. ಎಎಂಡಿ ಬೋರ್ಡಿಗೆ ಮಾತ್ರ ಎಂದು ಮಾರುವ ಪಟ್ಟಿಗಳೂ ಇವೆ, ಅವು ಇಂಟೆಲ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಬದಲಿಸಿಕೊಡುತ್ತೇವೆ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಈಗ ಎರಡನೆಯ ಪ್ರಶ್ನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಬೇಕು. ನಿಮ್ಮ ಯಂತ್ರಕ್ಕೆ ಆ ಅರ್ಹತೆಯಿಲ್ಲ. ರ‍್ಯಾಮ್ ಎಷ್ಟು ಹಾಕಿದರೂ ಇದು ಬದಲಾಗುವುದಿಲ್ಲ. ಮನೆಯಲ್ಲಿ ಹಾಡು ಕೇಳಲು ಇಟ್ಟ ಕಂಪ್ಯೂಟರ್ ಆಗಿದ್ದರೆ ನಾನು ಇದನ್ನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ನಿಮ್ಮಲ್ಲಿ ಬರುವವರು ತಮ್ಮ ಆಧಾರ್, ಪಾಸ್‌ಬುಕ್, ಜಾತಿ ಪ್ರಮಾಣಪತ್ರ ನಿಮ್ಮ ಕೈಗೆ ಕೊಡುತ್ತಾರೆ. ಭದ್ರತಾ ಅಪ್‌ಡೇಟ್ ಸಿಗದ ಯಂತ್ರದಲ್ಲಿ ಅವನ್ನು ಇಂಟರ್ನೆಟ್ಟಿಗೆ ಏರಿಸುವುದು ಅವರ ಪಾಲಿಗೆ ಅಪಾಯ.

ಇದರ ಜೊತೆಗೆ, ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಜಗತ್ತಿನಾದ್ಯಂತ ಏರಿತು. ಹೊಸ ಕಂಪ್ಯೂಟರ್ ಕೊಳ್ಳುವುದನ್ನು ಮುಂದೂಡಿ ಹಳೆಯದನ್ನೇ ಸುಧಾರಿಸೋಣ ಎಂದು ಅನಿಸುವುದು ಸಹಜ. ಹಾಗಾದರೆ ಹಾಕುವ ಹಣ ಮುಂದಿನ ಯಂತ್ರಕ್ಕೂ ಬರುತ್ತದೆಯೇ ಎಂದು ನೋಡಿ ಖರ್ಚು ಮಾಡಿ. ಡಿಡಿಆರ್3 ಪಟ್ಟಿ ಈ ಬೋರ್ಡಿನೊಂದಿಗೇ ಮೂಲೆ ಸೇರುತ್ತದೆ. ಹಾರ್ಡ್ ಡಿಸ್ಕ್‌ನ ಕೆಲಸವನ್ನೇ ಮಾಡುವ ಸಾಟಾ ಎಸ್ಎಸ್‌ಡಿ ಹಾಗಲ್ಲ. ನಾಳೆ ಬೇರೆ ಡೆಸ್ಕ್‌ಟಾಪ್ ಕೊಂಡರೆ ಅದನ್ನು ಬಿಚ್ಚಿ ಅಲ್ಲಿಗೆ ಹಾಕಿಕೊಳ್ಳಬಹುದು. ಅದರಲ್ಲಿ ತಿರುಗುವ ತಟ್ಟೆಯಿಲ್ಲ. ಹಾರ್ಡ್ ಡಿಸ್ಕ್ 10 ಮಿಲಿಸೆಕೆಂಡು ತೆಗೆದುಕೊಳ್ಳುವಲ್ಲಿ ಇದು ಅದರ ನೂರರಲ್ಲಿ ಒಂದು ಪಾಲಿನಷ್ಟು ಸಮಯದಲ್ಲಿ ಮುಗಿಸುತ್ತದೆ, ಹಾಗಾಗಿ ರ‍್ಯಾಮ್ ತುಂಬಿ ಪೇಜ್ ಫೈಲ್ ಬಳಸಬೇಕಾಗಿ ಬಂದರೂ ಆ ನೋವು ಬಹಳ ಕಡಿಮೆಯಾಗುತ್ತದೆ.

ಆದ್ದರಿಂದ ಒಂದಕ್ಕೆ ಮಾತ್ರ ಹಣವಿದ್ದರೆ 240 ಅಥವಾ 256 ಜಿಬಿಯ ಎಸ್ಎಸ್‌ಡಿ ಹಾಕಿಸಿ, ಹಳೆಯ ಹಾರ್ಡ್ ಡಿಸ್ಕನ್ನು ಕಡತ ಇಡಲು ಹಾಗೆಯೇ ಉಳಿಸಿಕೊಳ್ಳಿ. ಟಾಸ್ಕ್ ಮ್ಯಾನೇಜರ್ ಕೊರತೆ ತೋರಿಸಿ, ಒಂದು ಸ್ಲಾಟ್ ಖಾಲಿ ಇದ್ದು, 4 ಜಿಬಿ ಪಟ್ಟಿ ಕಡಿಮೆ ಬೆಲೆಗೆ ಸಿಕ್ಕರೆ ಅದನ್ನೂ ಸೇರಿಸಿ. ಈ ಯಂತ್ರಕ್ಕೆ, ಈ ಕೆಲಸಕ್ಕೆ 8 ಜಿಬಿ ಸಾಕು. 16ರ ಮಾತು ಯಾರಾದರೂ ಎತ್ತಿದರೆ ಒಪ್ಪಬೇಡಿ. ಹೀಗೆ ಸುಧಾರಿಸಿದ ಯಂತ್ರವನ್ನು ನುಡಿ ಟೈಪಿಂಗ್, ಸ್ಕ್ಯಾನಿಂಗ್, ಪ್ರಿಂಟಿಗೆ ಮೀಸಲಿಟ್ಟು, ಆನ್‌ಲೈನ್ ಅರ್ಜಿಗಳಿಗೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದನ್ನು ನಿಧಾನಕ್ಕೆ ಹುಡುಕಿಕೊಳ್ಳಿ ಎಂಬುದು ನನ್ನ ಸಲಹೆ. ಕಲಿಯುವ ಮನಸ್ಸಿದ್ದರೆ ಇದೇ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿಸಬಹುದು. ನುಡಿಯ ಕೀಲಿಮಣೆ ವಿನ್ಯಾಸದಲ್ಲೇ ಯೂನಿಕೋಡ್ ಕನ್ನಡವನ್ನು ಅಲ್ಲಿಯೂ ಟೈಪ್ ಮಾಡಬಹುದು. ಹಳೆಯ ನುಡಿ ಫಾಂಟಿನಲ್ಲಿರುವ ಕಡತಗಳನ್ನು ಮಾತ್ರ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ.

ರ‍್ಯಾಮನ್ನು ನೀವೇ ಹಾಕಿಕೊಳ್ಳಬಹುದು, ಕಷ್ಟವೇನಿಲ್ಲ. ಕಂಪ್ಯೂಟರ್ ಆರಿಸಿ, ವೈರ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಮೈಯಲ್ಲಿರುವ ಸ್ಥಿರವಿದ್ಯುತ್ ಹರಿದುಹೋಗಲಿ. ಹಳೆಯ ಪಟ್ಟಿ ಹೊರತೆಗೆದಿದ್ದರೆ ಅದರ ಹೊಂಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ವರ್ಷಗಟ್ಟಲೆ ಕೂತ ಮಸಿಯಿಂದಲೇ ಎಷ್ಟೋ ಕಂಪ್ಯೂಟರುಗಳು ಬೀಪ್ ಬೀಪ್ ಎಂದು ನಿಂತುಬಿಡುತ್ತವೆ. ಕಚ್ಚು ಹೊಂದಿಸಿ, ಎರಡೂ ತುದಿಯನ್ನು ಒಟ್ಟಿಗೆ ಒತ್ತಿದರೆ ಪಕ್ಕದ ಕೊಕ್ಕೆಗಳು ಟಕ್ ಎಂದು ತಾವೇ ಕೂರುತ್ತವೆ. ಕಚ್ಚು ಹೊಂದದಿದ್ದರೆ ಬಲ ಹಾಕದೆ ನಿಲ್ಲಿಸಿ, ಪಟ್ಟಿ ತಿರುಗುಮುರುಗಾಗಿರಬಹುದು.

ಆನ್ ಮಾಡಿದ ಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ 8 ಜಿಬಿ ಬಂದಿದೆಯೇ ನೋಡಿ. ಆಮೇಲೆ ಸರ್ಚ್ ಪೆಟ್ಟಿಗೆಯಲ್ಲಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಹುಡುಕಿ, ಅಂಗಡಿ ಮುಚ್ಚುವ ಹೊತ್ತಿಗೆ ಓಡಲು ಬಿಡಿ. ತಪ್ಪುಗಳೇನಾದರೂ ಕಂಡವು ಎಂದು ವರದಿ ಬಂದರೆ ಒಂದೊಂದೇ ಪಟ್ಟಿ ಹಾಕಿ ಮತ್ತೆ ಪರೀಕ್ಷಿಸಿ, ದೋಷ ಹೊಸ ಪಟ್ಟಿಯದೇ ಆದರೆ ಬಿಲ್ಲು ಹಿಡಿದು ಅಂಗಡಿಗೆ ಹೋಗಿ ಬದಲಿಸಿಕೊಂಡು ಬನ್ನಿ.