ಪುರ ಗ್ರಾಮದ ಪಾಠ: ತಂತ್ರವಿದ್ಯೆ, ಪರಿಸರ ಮತ್ತು ಸುಸ್ಥಿರ ಅಭಿವೃದ್ಧಿ

ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್ ಕಡೆಗೆ ಸಾಗುವ ಹಾದಿಯಲ್ಲಿರುವ ಹೂಡಿಯು ಒಂದು ಕಾಲಕ್ಕೆ ಕೆರೆಯನ್ನೂ ಹೊಲಗಳನ್ನೂ ನೆಚ್ಚಿ ಬದುಕಿದ ಗ್ರಾಮ. ಇಂದು ಅದರ ಸುತ್ತಲೂ ಕಾರ್ಖಾನೆಗಳೂ ಬಹುಮಹಡಿ ಕಟ್ಟಡಗಳೂ ತಲೆಯೆತ್ತಿವೆ. 2023ರ ಮಾರ್ಚ್ ತಿಂಗಳಿನಿಂದ ಮೆಟ್ರೊ ರೈಲು ಊರನ್ನು ಹಾದು ಹೋಗುತ್ತಿದೆ. ಹೂಡಿ ಗ್ರಾಮದ ಎಲ್ಲೆಗೆ ಸೇರಿದ ರಫ್ತು ಉತ್ತೇಜನ ಕೈಗಾರಿಕಾ ಪ್ರದೇಶದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಜಾನ್ ವೆಲ್ಚ್ ತಂತ್ರಜ್ಞಾನ ಕೇಂದ್ರವು 2000ದಲ್ಲಿ ಆರಂಭವಾಯಿತು. ವಿಮಾನದ ಎಂಜಿನ್‌ನಂತಹ ಜಟಿಲ ಯಂತ್ರಗಳ ಬಗೆಗೆ ಅಲ್ಲಿ ಸಂಶೋಧನೆ ನಡೆದಿದೆ. ಆದರೆ ಇದೇ ಪೂರ್ವ ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿದವು. ಜನರು ಟ್ಯಾಂಕರ್ ನೀರಿಗಾಗಿ ಕಾದು ಕುಳಿತರು.

ಇಷ್ಟೊಂದು ವಿದ್ಯೆ ನೆಲೆಸಿರುವ ನೆಲದಲ್ಲಿ ಒಂದು ಕೊಡ ನೀರಿಗೆ ಇಷ್ಟು ಪಾಡೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ವಿಜ್ಞಾನದ ಕೊರತೆಯೇ ಇದಕ್ಕೆ ಕಾರಣವೆನ್ನಲಾಗದು. ಸಂಶೋಧನೆಯು ಯಾರ ಅಗತ್ಯದಿಂದ ಹೊರಡುತ್ತದೆ ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಈ ಮಾತನ್ನು ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಯೋಗದ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸುಸ್ಥಿರ ಅಭಿವೃದ್ಧಿ ಎಂದರೇನು?

ವಿಶ್ವಸಂಸ್ಥೆಯು ನೇಮಿಸಿದ್ದ, ನಾರ್ವೆ ದೇಶದ ಗ್ರೋ ಹಾರ್ಲೆಮ್ ಬ್ರುಂಟ್‌ಲ್ಯಾಂಡ್ ಅವರ ಅಧ್ಯಕ್ಷತೆಯ ಆಯೋಗವು 1987ರಲ್ಲಿ ತನ್ನ ವರದಿಯನ್ನು ಹೊರತಂದಿತು. ಇಂದಿನವರ ಅಗತ್ಯಗಳನ್ನು ಪೂರೈಸುವಾಗ ಮುಂದಿನ ಪೀಳಿಗೆಯವರ ಪಾಲನ್ನು ಕಸಿಯದಿರುವ ಪ್ರಗತಿಯೇ ಸುಸ್ಥಿರ ಅಭಿವೃದ್ಧಿ ಎಂಬುದು ಅದರ ಸಾರಾಂಶ. ಬಿತ್ತನೆಯ ಬೀಜವನ್ನು ಉಣ್ಣಬಾರದೆಂದು ಬಲ್ಲ ನಮ್ಮ ರೈತನಿಗೆ ಈ ತತ್ತ್ವ ಹೊಸದಲ್ಲ. ಆದರೆ ಬಡದೇಶಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಮುಂದಿನವರ ಪಾಲನ್ನು ಉಳಿಸುವ ಜೊತೆಗೆ, ಇಂದೇ ಪಾಲು ದೊರೆಯದವರಿಗೆ ಅದನ್ನು ದೊರಕಿಸಿಕೊಡುವುದೂ ಅಲ್ಲಿ ಕರ್ತವ್ಯವಾಗುತ್ತದೆ.

'ಅಸ್ತ್ರ'ದ ಹುಟ್ಟು

ಆ ವರದಿಗೆ ಹದಿಮೂರು ವರ್ಷ ಮೊದಲೇ, ಅಂದರೆ 1974ರಲ್ಲಿ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಕೇಂದ್ರವು ಹುಟ್ಟಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರವಿದ್ಯೆಯ ಅನ್ವಯ ಎಂಬುದೇ ಆ ಹೆಸರಿನ ಅರ್ಥ. ಇದರ ಪ್ರವರ್ತಕರು ಪ್ರೊ. ಅಮೂಲ್ಯ ರೆಡ್ಡಿ ಅವರು. ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಖ್ಯಾತಿ ಗಳಿಸಿದ್ದ ಈ ವಿದ್ವಾಂಸರು ಸೌದೆ, ಸೆಗಣಿ ಮತ್ತು ನೀರಿನ ಪ್ರಶ್ನೆಗಳ ಕಡೆಗೆ ತಿರುಗಿದುದು ಅಂದಿನ ದಿನಗಳಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ಪ್ರಯೋಗಾಲಯದಲ್ಲಿ ಕುಳಿತು ಹಳ್ಳಿಯ ಸಮಸ್ಯೆಯನ್ನು ಅರಿಯಲಾಗದೆಂದು ಬಗೆದು, ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಒಂದು ವಿಸ್ತರಣ ಕೇಂದ್ರವನ್ನೂ ತೆರೆಯಲಾಯಿತು. ಅದೇ ಸೀಮೆಯ ಪುಟ್ಟ ಹಳ್ಳಿ ಪುರ.

ಪುರದಲ್ಲಿ ವಿಜ್ಞಾನಿಗಳು ಮೊದಲು ಮಾಡಿದ ಕೆಲಸ ಎಣಿಕೆ. ಮನೆಮನೆಗೆ ಎಷ್ಟು ಸೌದೆ ಬೇಕು, ಎಷ್ಟು ಸೀಮೆಎಣ್ಣೆ ಉರಿಯುತ್ತದೆ, ನೀರು ತರಲು ಯಾರು ಎಷ್ಟು ದೂರ ನಡೆಯುತ್ತಾರೆ ಎಂಬುದನ್ನೆಲ್ಲ 1970ರ ದಶಕದ ಉತ್ತರಾರ್ಧದಲ್ಲಿ ಅಳೆದು ದಾಖಲಿಸಿದರು. ಊರಿನಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಸೌದೆಯಿಂದಲೇ ಬರುತ್ತಿದೆಯೆಂದು ತಿಳಿದುಬಂದಿತು. ಮನುಷ್ಯರ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದಾಗಿತ್ತು. ಸೌದೆ ಆಯುವುದು, ನೀರು ಹೊರುವುದು, ಅಡುಗೆ ಮಾಡುವುದು ಇವೆಲ್ಲವೂ ಶಕ್ತಿಯ ಲೆಕ್ಕಕ್ಕೆ ಸೇರಬೇಕಾದ ಸಂಗತಿಗಳೆಂದು ಈ ಅಧ್ಯಯನವು ತೋರಿಸಿಕೊಟ್ಟಿತು.

ಒಂದು ಸೋಲು, ಒಂದು ಗೆಲುವು

ಸೌದೆಯೇ ಮುಖ್ಯ ಸಮಸ್ಯೆಯೆಂದ ಮೇಲೆ ಅಡುಗೆಗೆ ಬೇರೆ ಇಂಧನವನ್ನು ಒದಗಿಸಬೇಕೆಂಬುದು ಸಹಜವಾದ ತೀರ್ಮಾನ. ಅದರಂತೆ 1980ರ ದಶಕದ ಮೊದಲ ಭಾಗದಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರವನ್ನು ಕಟ್ಟಿ, ಮನೆಗಳ ಅಡುಗೆಗೆ ಅನಿಲ ಕೊಡುವ ಪ್ರಯತ್ನ ನಡೆಯಿತು. ಪ್ರಯತ್ನ ಫಲಿಸಲಿಲ್ಲ. ಎಲ್ಲ ಮನೆಗಳ ಅಡುಗೆಗೆ ಅನಿಲ ಸಾಲದಾಯಿತು.

ಇದರ ಕಾರಣವನ್ನು ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಯೂ ಲೆಕ್ಕ ಹಾಕಬಹುದು. ಒಂದು ಕಿಲೋ ಹಸಿ ಸೆಗಣಿಯಿಂದ ಸುಮಾರು 40 ಲೀಟರ್ ಅನಿಲ ದೊರೆಯುತ್ತದೆ. ಐದು ಜನರ ಕುಟುಂಬದ ಅಡುಗೆಗೆ ದಿನವೊಂದಕ್ಕೆ ಸುಮಾರು 1,500 ಲೀಟರ್ ಅನಿಲ ಬೇಕು. ಅಂದರೆ ಸುಮಾರು 38 ಕಿಲೋ ಸೆಗಣಿ. ಒಂದು ರಾಸಿನಿಂದ ದಿನಕ್ಕೆ ಹತ್ತು ಕಿಲೋ ಎಂದಿಟ್ಟುಕೊಂಡರೂ ನಾಲ್ಕು ರಾಸುಗಳು ಬೇಕಾಗುತ್ತವೆ; ಮೇಯಲು ಹೋದ ದನದ ಸೆಗಣಿ ಪೂರ್ತಿಯಾಗಿ ಕೈಗೆ ಸಿಗುವುದೂ ಇಲ್ಲ. ಬಡವನ ಕೊಟ್ಟಿಗೆಯಲ್ಲಿ ನಾಲ್ಕು ರಾಸುಗಳೆಲ್ಲಿ? ಅನಿಲ ಸಾಲದೆ ಹೋದರೆ ಹೆಣ್ಣುಮಕ್ಕಳು ಸೌದೆಗೆ ಹೋಗುವುದು ತಪ್ಪುವುದಿಲ್ಲ.

ಇಲ್ಲಿಗೆ ಪ್ರಯೋಗವನ್ನು ಕೈಬಿಟ್ಟಿದ್ದರೆ ಅದು ಒಂದು ವರದಿಯಾಗಿ ಕಪಾಟು ಸೇರುತ್ತಿತ್ತು. ಆದರೆ ವಿಜ್ಞಾನಿಗಳು ಊರವರ ಅಗತ್ಯವನ್ನು ಮರಳಿ ವಿಚಾರಿಸಿದರು. ಗ್ರಾಮಸ್ಥರಿಗೆ ಮೊದಲು ಬೇಕಾಗಿದ್ದುದು ಶುದ್ಧವಾದ ಕುಡಿಯುವ ನೀರು ಮತ್ತು ಮನೆಗೆ ದೀಪ. ಇವೆರಡಕ್ಕೂ ಅಡುಗೆಗೆ ಬೇಕಾಗುವುದಕ್ಕಿಂತ ಬಹಳ ಕಡಿಮೆ ಶಕ್ತಿ ಸಾಕು. ಅದೇ ಅನಿಲವನ್ನು ಸ್ವಲ್ಪ ಡೀಸೆಲ್‌ನೊಂದಿಗೆ ಎಂಜಿನ್‌ಗೆ ಉಣಿಸಿ ವಿದ್ಯುತ್ ಉತ್ಪಾದಿಸಬಹುದೆಂದು ಯೋಜನೆಯನ್ನು ಮಾರ್ಪಡಿಸಲಾಯಿತು. ಬ್ರುಂಟ್‌ಲ್ಯಾಂಡ್ ವರದಿ ಹೊರಬಂದ ಅದೇ 1987ರಲ್ಲಿ ಪುರದ ಮನೆಗಳಲ್ಲಿ ಸೆಗಣಿಯಿಂದ ದೀಪ ಬೆಳಗಿತು. ಮುಂದೆ ಕೊಳವೆ ಬಾವಿಯ ನೀರೂ ಅದೇ ವಿದ್ಯುತ್ತಿನಿಂದ ಮೇಲೆ ಬಂದು ನಲ್ಲಿಗಳಲ್ಲಿ ಹರಿಯಿತು.

ವ್ಯವಸ್ಥೆಯ ನಿರ್ವಹಣೆಯೂ ಗಮನಾರ್ಹವಾದುದು. ಪ್ರತಿ ಮನೆಯವರು ತಂದ ಸೆಗಣಿಯನ್ನು ತೂಗಿ ಲೆಕ್ಕ ಬರೆದು ಅದಕ್ಕೆ ಹಣ ಸಲ್ಲಿಸಲಾಗುತ್ತಿತ್ತು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡವನ್ನು ಗೊಬ್ಬರಕ್ಕಾಗಿ ಅವರಿಗೇ ಹಿಂದಿರುಗಿಸಲಾಗುತ್ತಿತ್ತು. ಸಾರಜನಕವು ಅದರಲ್ಲಿ ಉಳಿದೇ ಇರುವುದರಿಂದ ಹೊಲಕ್ಕೆ ನಷ್ಟವಾಗಲಿಲ್ಲ. ಯಂತ್ರವನ್ನು ನಡೆಸಿದವರು ಊರಿನ ಯುವಕರೇ. ಹೊಣೆ ಹೊತ್ತುದು ಗ್ರಾಮದ ಸಮಿತಿ. ಹಲವು ವರ್ಷಗಳ ಕಾಲ ಈ ವ್ಯವಸ್ಥೆ ನಡೆಯಿತು. ಅದು ಮುಂದೆ ನಿಂತುಹೋದರೂ ಅದರ ಪಾಠ ನಿಂತಿಲ್ಲ. ಮೊದಲ ಪ್ರಯತ್ನಕ್ಕೂ ಎರಡನೆಯದಕ್ಕೂ ಸೆಗಣಿ ಒಂದೇ, ಅನಿಲ ಒಂದೇ, ಜನರೂ ಅವರೇ. ಬದಲಾದುದು ಪ್ರಶ್ನೆ.

ಒಲೆ ಮತ್ತು ಇಟ್ಟಿಗೆ

ಅಡುಗೆಯ ಸಮಸ್ಯೆಗೆ ಪರಿಹಾರವು ಬೇರೊಂದು ದಾರಿಯಲ್ಲಿ ಬಂದಿತು. ಸಾಂಪ್ರದಾಯಿಕ ಒಲೆಯಲ್ಲಿ ಸೌದೆಯ ಶಾಖದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಪಾತ್ರೆಗೆ ತಲುಪುತ್ತದೆ. ಉಳಿದುದು ಗೋಡೆಗೂ ಗಾಳಿಗೂ ಸಲ್ಲುತ್ತದೆ. 'ಅಸ್ತ್ರ ಒಲೆ'ಯಲ್ಲಿ ಸೌದೆಯ ಕೆಳಗೆ ಗಾಳಿಯಾಡಲು ಜಾಲರಿ, ಒಂದರ ಹಿಂದೊಂದರಂತೆ ಮೂರು ಪಾತ್ರೆಗಳಿಗೆ ಸ್ಥಳ, ಕೊನೆಯಲ್ಲಿ ಹೊಗೆಕೊಳವೆ ಇವುಗಳನ್ನು ಅಳವಡಿಸಲಾಯಿತು. ಪ್ರಯೋಗಗಳಲ್ಲಿ ಇದರ ದಕ್ಷತೆಯು ಶೇಕಡಾ 40ರಷ್ಟಾಯಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಈ ಒಲೆಯನ್ನು ನಾಡಿನ ಹಳ್ಳಿಗಳಿಗೆ ಒಯ್ದಿತು. ಸೌದೆ ಉಳಿಯುವುದರ ಜೊತೆಗೆ ತಾಯಂದಿರ ಕಣ್ಣಿಗೂ ಶ್ವಾಸಕೋಶಕ್ಕೂ ಹೊಗೆಯಿಂದ ಬಿಡುಗಡೆ ದೊರೆಯುವುದು ಇದರ ದೊಡ್ಡ ಲಾಭ. ಕೊಳವೆಯಲ್ಲಿ ಮಸಿ ಕಟ್ಟದಂತೆ ಆಗಾಗ ಸ್ವಚ್ಛಗೊಳಿಸುವುದು ಮಾತ್ರ ಅಗತ್ಯ.

ಹಾಗೆಯೇ ಪ್ರೊ. ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿ ಮಾಡುವ ಇಟ್ಟಿಗೆಗಳನ್ನು ರೂಪಿಸಿದರು. ಇವುಗಳನ್ನು ಗೂಡಿನಲ್ಲಿ ಸುಡಬೇಕಾಗಿಲ್ಲ. ಆದುದರಿಂದ ಮರವಾಗಲಿ ಕಲ್ಲಿದ್ದಲಾಗಲಿ ಉರಿಯುವುದಿಲ್ಲ. 'ಅಸ್ತ್ರ'ವು ಇಂದು ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂಬ ಹೆಸರಿನಲ್ಲಿ ಅದೇ ಸಂಸ್ಥೆಯಲ್ಲಿ ಮುಂದುವರಿದಿದೆ.

ಮರಳಿ ಹೂಡಿಗೆ

ಪುರದ ಪ್ರಶ್ನೆಯನ್ನೇ ಹೂಡಿಯಲ್ಲಿ ಕೇಳಿದರೆ ಉತ್ತರ ಸ್ಪಷ್ಟ: ನೀರು. ಬೆಂಗಳೂರಿಗೆ ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತರಬೇಕು. ಹೊರವಲಯದ 110 ಹಳ್ಳಿಗಳಿಗೆಂದು ಕೈಗೊಂಡ ಕಾವೇರಿ ಐದನೆಯ ಹಂತದ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು. ಆದರೂ ಮಳೆಯ ನೀರನ್ನೂ ಬಳಸಿದ ನೀರನ್ನೂ ಕಡೆಗಣಿಸುವಂತಿಲ್ಲ.

ಬಳಸಿದ ನೀರಿನ ವಿಷಯದಲ್ಲಿ ನಮ್ಮ ನೆರೆಯ ಕೋಲಾರ ಜಿಲ್ಲೆಯೇ ಉದಾಹರಣೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧೀಕರಿಸಿದ ಕೊಳಚೆ ನೀರನ್ನು ಅಲ್ಲಿನ ಕೆರೆಗಳಿಗೆ ಹರಿಸುವ, ದಿನಕ್ಕೆ 44 ಕೋಟಿ ಲೀಟರ್ ಸಾಮರ್ಥ್ಯದ ಯೋಜನೆಯು 2018ರಲ್ಲಿ ಆರಂಭವಾಯಿತು. ಬತ್ತಿದ ಕೆರೆಗಳು ತುಂಬಿದವು, ಸುತ್ತಲಿನ ಅಂತರ್ಜಲವೂ ಏರಿತು. ಜೊತೆಗೆ, ಈ ಶುದ್ಧೀಕರಣ ಸಾಲದು, ಇನ್ನೊಂದು ಹಂತ ಬೇಕು ಎಂಬ ಆಕ್ಷೇಪವೂ ಎದ್ದು, ವಿಷಯ ನ್ಯಾಯಾಲಯದ ಮೆಟ್ಟಿಲನ್ನೇರಿತು. ನೀರನ್ನು ಪಡೆಯುವವರ ಆತಂಕವನ್ನು ಕೇಳಿಸಿಕೊಂಡು ಅಳೆದು ಉತ್ತರಿಸುವುದೂ ಸಂಶೋಧನೆಯ ಭಾಗವೇ.

ಮಳೆಯ ನೀರಿನ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆಯನ್ನು ಸುಮಾರು 900 ಮಿಲಿಮೀಟರ್ ಎಂದು ಹಿಡಿಯೋಣ. ಒಂದು ಶಾಲೆಯ ಮಾಳಿಗೆಯು 1,000 ಚದರ ಮೀಟರ್ ಇದ್ದರೆ ವರ್ಷಕ್ಕೆ 9,00,000 ಲೀಟರ್ ನೀರು ಬೀಳುತ್ತದೆ. ಐದನೆಯ ಒಂದು ಪಾಲು ನಷ್ಟವಾದರೂ 7,20,000 ಲೀಟರ್ ಉಳಿಯುತ್ತದೆ. ಐನೂರು ಮಕ್ಕಳಿಗೆ ತಲಾ ಹತ್ತು ಲೀಟರಿನಂತೆ ದಿನಕ್ಕೆ 5,000 ಲೀಟರ್ ಬೇಕೆಂದರೆ, ಇದು 144 ದಿನಗಳ ನೀರು. ಅಷ್ಟನ್ನೂ ತೊಟ್ಟಿಯಲ್ಲಿ ಹಿಡಿದಿಡಲಾಗದು. ಹೆಚ್ಚಾದುದನ್ನು ಇಂಗುಗುಂಡಿಯ ಮೂಲಕ ನೆಲಕ್ಕೆ ಒಪ್ಪಿಸಬಹುದು. ರಾಜ್ಯವು 2009ರಲ್ಲಿಯೇ ಬೆಂಗಳೂರು ಜಲಮಂಡಳಿಯ ಕಾಯಿದೆಗೆ ತಿದ್ದುಪಡಿ ತಂದು ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿತು. ಕಾಯಿದೆಯು ಕೊಳವೆಯನ್ನು ಹಾಕಿಸಬಲ್ಲುದು. ಮಳೆಗಾಲಕ್ಕೆ ಮುನ್ನ ಮಾಳಿಗೆ ಗುಡಿಸುವ ಅಭ್ಯಾಸವನ್ನು ಶಾಲೆಯೇ ಕಲಿಸಬೇಕು.

ಶಾಲೆಯ ಪಾಲು

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಶಾಲೆಯಲ್ಲಿ ಒಂದು ಮಳೆಮಾಪಕವನ್ನಿರಿಸಿ, ಪ್ರತಿದಿನದ ಮಳೆಯನ್ನೂ ಬಳಕೆಯಾದ ನೀರನ್ನೂ ಮಕ್ಕಳಿಂದಲೇ ಒಂದು ಪುಸ್ತಕದಲ್ಲಿ ಬರೆಸಬೇಕು. ಪ್ರಸಾದನಿಲಯದ ಅಡುಗೆಮನೆಯ ಇಂಧನವನ್ನು ತೂಗಿ ಲೆಕ್ಕವಿಡಬಹುದು. ಪುರದ ವಿಜ್ಞಾನಿಗಳೂ ಆರಂಭಿಸಿದುದು ಇಂತಹ ಲೆಕ್ಕದಿಂದಲೇ. ಹೂಡಿ, ವೈಟ್‌ಫೀಲ್ಡ್‌ಗಳ ಸಂಶೋಧನಾಲಯಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು ಆ ಲೆಕ್ಕವನ್ನು ಮಕ್ಕಳೊಡನೆ ಕುಳಿತು ಪರಿಶೀಲಿಸಿದರೆ ಅದಕ್ಕಿಂತ ದೊಡ್ಡ ಉಪನ್ಯಾಸ ಬೇಕಾಗಿಲ್ಲ. ದಾನಿಗಳು ನೀಡುವ ಕೊಡುಗೆಯಲ್ಲಿ ಕೊಠಡಿಗಳ ಜೊತೆಗೆ ಒಂದು ಮಳೆನೀರಿನ ತೊಟ್ಟಿಗೂ, ಮುಖ್ಯವಾಗಿ ಅದರ ವಾರ್ಷಿಕ ದುರಸ್ತಿಗೂ ಸ್ಥಾನವಿರಲಿ.

ಕಾಯಕ ಮತ್ತು ದಾಸೋಹಗಳ ನೆರಳಿನಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗೆ ಈ ಮಾತು ಅಪರಿಚಿತವಲ್ಲ. ವಿದ್ಯೆಯೂ ಹಂಚಿಕೊಳ್ಳಬೇಕಾದ ವಸ್ತುವೇ. ಆದರೆ ಬಡಿಸುವ ಮುನ್ನ ಹಸಿದವನಿಗೆ ಏನು ಬೇಕೆಂದು ವಿಚಾರಿಸಬೇಕು. ಪುರದ ಜನ ನಮ್ಮ ವಿಜ್ಞಾನಿಗಳಿಗೆ ಕಲಿಸಿದುದು ಇದನ್ನೇ. ಆ ಪಾಠವನ್ನು ನಮ್ಮ ಮಕ್ಕಳು ತಮ್ಮ ಶಾಲೆಯ ಮಾಳಿಗೆಯಿಂದಲೇ ಕಲಿಯಲಿ ಎಂದು ಆಶಿಸುತ್ತೇನೆ.