ಡಿಲೀಟ್ ಮಾಡಿದ ಮೇಲೂ ಡಿಸ್ಕ್‌ನಲ್ಲಿ ಉಳಿಯುವ ಆಧಾರ್

ಗೃಹಲಕ್ಷ್ಮಿ ಅರ್ಜಿ, ಬೆಳೆ ವಿಮೆ, ಮಕ್ಕಳ ಸ್ಕಾಲರ್‌ಶಿಪ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್. ಶಹಾಪುರ ತಾಲ್ಲೂಕಿನ ಗೋಗಿಯಂಥ ಊರಲ್ಲಿ ಒಂದು ಮನೆಯವರ ಆಧಾರ್, ಪಾಸ್‌ಬುಕ್, ಪಹಣಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು ವರ್ಷಕ್ಕೆ ಹಲವು ಸಲ ಬೇರೆಯವರ ಕಂಪ್ಯೂಟರಿನೊಳಗೆ ಹೋಗುತ್ತವೆ. ಕಾಗದ ಕೈಗೆ ವಾಪಸ್ ಬರುತ್ತದೆ, ಸ್ಕ್ಯಾನ್ ಮಾಡಿದ ಪ್ರತಿ ಅಲ್ಲೇ ಉಳಿಯುತ್ತದೆ. ಝೆರಾಕ್ಸ್ ಅಂಗಡಿಯವರು, ಗ್ರಾಮ ಒನ್ ಕೇಂದ್ರದವರು, ಶಾಲೆಯ ಗುಮಾಸ್ತರು ಬಹುಪಾಲು ಪ್ರಾಮಾಣಿಕರೇ. ಕೆಲಸ ಮುಗಿದ ಮೇಲೆ ಫೈಲ್ ಡಿಲೀಟ್ ಮಾಡುತ್ತಾರೆ, ರೀಸೈಕಲ್ ಬಿನ್ ಖಾಲಿ ಮಾಡುತ್ತಾರೆ, ಕಂಪ್ಯೂಟರ್ ಹಳತಾದಾಗ ಫಾರ್ಮ್ಯಾಟ್ ಮಾಡಿಸಿ ಮಾರುತ್ತಾರೆ. ಇಷ್ಟೆಲ್ಲ ಮಾಡಿದರೂ ಫೈಲ್ ಹೋಗಿರುವುದಿಲ್ಲ. ಅಳಿಸುವ ಮನಸ್ಸಿದ್ದವರಿಗೂ ಅಳಿಸುವ ಕ್ರಮ ಗೊತ್ತಿಲ್ಲದೆ ಇರುವುದೇ ಇಲ್ಲಿನ ತೊಂದರೆ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಕಂಡಕಂಡವರಿಗೆ ಆಧಾರ್ ಝೆರಾಕ್ಸ್ ಕೊಡಬೇಡಿ, ಕೊನೆಯ 4 ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ, ಇಂಟರ್ನೆಟ್ ಕೆಫೆಯಂಥ ಕಡೆ ಇ-ಆಧಾರ್ ಇಳಿಸಿಕೊಂಡರೆ ಆ ಕಂಪ್ಯೂಟರಿನಿಂದ ಎಲ್ಲ ಪ್ರತಿಗಳನ್ನೂ ಶಾಶ್ವತವಾಗಿ ಅಳಿಸಿ ಎಂದು ಅದರಲ್ಲಿತ್ತು. ಜನ ತಪ್ಪು ತಿಳಿಯಬಹುದೆಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಝೆರಾಕ್ಸ್ ಕೊಡಬೇಕೋ ಬೇಡವೋ ಎಂಬುದರ ಮೇಲೆಯೇ ಚರ್ಚೆಯೆಲ್ಲ ನಡೆಯಿತು. ಶಾಶ್ವತವಾಗಿ ಅಳಿಸುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಶಿಫ್ಟ್ ಮತ್ತು ಡಿಲೀಟ್ ಕೀಲಿ ಒಟ್ಟಿಗೆ ಒತ್ತಿದರೆ ಶಾಶ್ವತ ಎಂದು ಬಹಳ ಜನ ಇಂದಿಗೂ ನಂಬಿದ್ದಾರೆ. ಈ ಲೇಖನ ಆ ನಂಬಿಕೆ ಇಟ್ಟುಕೊಂಡವರಿಗಾಗಿ.

ಪಹಣಿಯಲ್ಲಿ ಒಬ್ಬರ ಹೆಸರು ಹೊಡೆದುಹಾಕಿದರೆ ಹೊಲ ಎಲ್ಲಿಗೂ ಹೋಗುವುದಿಲ್ಲ. ಅದರಲ್ಲಿ ನಿಂತ ಹತ್ತಿ ಕಟ್ಟಿಗೆಯೂ ಇದ್ದಲ್ಲೇ ಇರುತ್ತದೆ. ಇನ್ನೊಬ್ಬರು ಬಂದು ಹೊಲ ಹರಗಿ ಬಿತ್ತುವವರೆಗೂ ಹಳೆಯ ಬೆಳೆಯ ಗುರುತು ಕಾಣುತ್ತದೆ. ಡಿಸ್ಕ್‌ನಲ್ಲಿ ಆಗುವುದೂ ಇದೇ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯೊಂದನ್ನು ಕಂಪ್ಯೂಟರ್ ಇಟ್ಟುಕೊಂಡಿರುತ್ತದೆ. ಡಿಲೀಟ್ ಮಾಡಿದಾಗ ವಿಂಡೋಸ್ ಆ ಪಟ್ಟಿಯಲ್ಲಿ 'ಈ ಜಾಗ ಖಾಲಿ' ಎಂದು ಗುರುತು ಹಾಕುತ್ತದೆ, ಫೈಲಿನ ಒಳಗಿನ ಮಾಹಿತಿಯನ್ನು ಮುಟ್ಟುವುದಿಲ್ಲ. ಹಳೆಯ ಪೆನ್ ಡ್ರೈವ್‌ಗಳಲ್ಲಿರುವ ಫ್ಯಾಟ್ ವ್ಯವಸ್ಥೆಯಲ್ಲಂತೂ ಫೈಲಿನ ಹೆಸರಿನ ಮೊದಲ ಅಕ್ಷರ ಬದಲಾಗುತ್ತದೆ, ಉಳಿದ ಹೆಸರು ಪಟ್ಟಿಯಲ್ಲೇ ಇರುತ್ತದೆ. ಆ ಜಾಗದ ಮೇಲೆ ಹೊಸ ಮಾಹಿತಿ ಬಂದು ಕೂತಾಗ ಮಾತ್ರ ಹಳೆಯದು ನಿಜವಾಗಿ ಅಳಿಯುತ್ತದೆ. ಅದು ಇವತ್ತೇ ಆಗಬಹುದು, ಎರಡು ವರ್ಷವಾದರೂ ಆಗದೆ ಇರಬಹುದು. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಾತ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಗಟ್ಟಿ ಸಾಕ್ಷಿ. ಅವರು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 158 ಹಾರ್ಡ್ ಡಿಸ್ಕ್ ಕೊಂಡರು. ಅವುಗಳಲ್ಲಿ 129 ಕೆಲಸ ಮಾಡುತ್ತಿದ್ದವು, ಸರಿಯಾಗಿ ಅಳಿಸಿದ್ದವು ಬರೀ 12. ಉಳಿದವುಗಳಲ್ಲಿ 5 ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ಕಾಯಿಲೆಯ ವಿವರಗಳು, ಖಾಸಗಿ ಪತ್ರಗಳು ಸಿಕ್ಕವು.

ಗೋಗಿಯ ಒಂದು ಅಂಗಡಿಯ ಡಿಸ್ಕ್ ಅಗೆಯಲು ಯಾರು ಬರುತ್ತಾರೆ ಎಂದು ಕೇಳಬಹುದು. ಡಿಸ್ಕ್ ಗೋಗಿಯಲ್ಲೇ ಇರುವುದಿಲ್ಲ ಎಂಬುದು ಮೊದಲ ಉತ್ತರ. ಹಳೆಯ ಕಂಪ್ಯೂಟರ್ ಎಕ್ಸ್‌ಚೇಂಜ್‌ಗೆ ಶಹಾಪುರಕ್ಕೋ ಕಲಬುರಗಿಗೋ ಹೋಗುತ್ತದೆ, ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯವರೆಗೂ ಹೋಗಬಹುದು. ಕೊಂಡವರು ಯಾರೆಂದು ಮಾರಿದವರಿಗೆ ಗೊತ್ತಾಗುವುದಿಲ್ಲ. ಎರಡನೆಯದಾಗಿ, ಫೈಲ್ ವಾಪಸ್ ತರಲು ಪ್ರಯೋಗಾಲಯ ಬೇಕಿಲ್ಲ. ರೆಕುವಾ, ಫೋಟೋರೆಕ್‌ನಂಥ ತಂತ್ರಾಂಶಗಳು ಉಚಿತ, ಹೈಸ್ಕೂಲ್ ಹುಡುಗರೂ ಬಳಸಬಲ್ಲರು. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನುವವರು ಆ ಪಾಸ್‌ವರ್ಡ್ ಏನೆಂದು ನೆನಪಿಸಿಕೊಳ್ಳಲಿ: ಹೆಸರಿನ ಮೊದಲ 4 ಅಕ್ಷರ ಮತ್ತು ಹುಟ್ಟಿದ ವರ್ಷ. ಅದೇ ಫೋಲ್ಡರಿನ ಪಾಸ್‌ಬುಕ್ ಪ್ರತಿಯಲ್ಲಿ ಹೆಸರಿದೆ, ಅಂಕಪಟ್ಟಿಯಲ್ಲಿ ಹುಟ್ಟಿದ ದಿನಾಂಕವಿದೆ. ಮೇಲಾಗಿ ಅಂಗಡಿಯ ಸ್ಕ್ಯಾನ್ ಪ್ರತಿಗೆ ಪಾಸ್‌ವರ್ಡೇ ಇರುವುದಿಲ್ಲ.

ಈಗ ಎಲ್ಲಕ್ಕಿಂತ ದೊಡ್ಡ ತಪ್ಪಿಗೆ ಬರೋಣ. 'ಫಾರ್ಮ್ಯಾಟ್ ಮಾಡಿಸಿದ್ದೇವೆ' ಎಂಬ ಮಾತಿಗೆ ಮೂರು ಬೇರೆ ಬೇರೆ ಅರ್ಥಗಳಿವೆ. ಆ ಮೂರರಲ್ಲಿ ಎರಡು ನಿಮ್ಮನ್ನು ಕಾಪಾಡುವುದಿಲ್ಲ. ಮೊದಲನೆಯದು, ವಿಂಡೋಸ್ ಹೊಸದಾಗಿ ಹಾಕಿಸುವುದು. ರಿಪೇರಿ ಅಂಗಡಿಯಲ್ಲಿ ಫಾರ್ಮ್ಯಾಟ್ ಎಂದರೆ ಸಾಮಾನ್ಯವಾಗಿ ಇದೇ. ಆಗ ಸಿ ಡ್ರೈವ್ ಒಂದನ್ನೇ ಫಾರ್ಮ್ಯಾಟ್ ಮಾಡುತ್ತಾರೆ, ಗಿರಾಕಿಯ ಡೇಟಾ ಹೋಗಬಾರದೆಂದು ಡಿ ಮತ್ತು ಇ ಡ್ರೈವ್‌ಗಳನ್ನು ಉಳಿಸಿಕೊಡುತ್ತಾರೆ. ರಿಪೇರಿಗೆ ಕೊಟ್ಟಾಗ ಅದು ಒಳ್ಳೆಯ ಸೇವೆ. ಮಾರುವಾಗ ಅದೇ ಕುತ್ತು, ಏಕೆಂದರೆ ಕೆಲಸದ ಫೈಲ್‌ಗಳನ್ನು ನಾವೆಲ್ಲ ಇಡುವುದು ಡಿ ಡ್ರೈವ್‌ನಲ್ಲೇ. ಎರಡನೆಯದು ಕ್ವಿಕ್ ಫಾರ್ಮ್ಯಾಟ್. ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಫಾರ್ಮ್ಯಾಟ್ ಆರಿಸಿದಾಗ ಬರುವ ಚಿಕ್ಕ ಕಿಟಕಿಯ ಕೆಳಗೆ ಕ್ವಿಕ್ ಫಾರ್ಮ್ಯಾಟ್ ಎಂಬ ಚೌಕವಿರುತ್ತದೆ, ಅದರಲ್ಲಿ ಟಿಕ್ ಗುರುತು ಮೊದಲೇ ಬಿದ್ದಿರುತ್ತದೆ. ಅದನ್ನು ತೆಗೆಯದೆ ಸ್ಟಾರ್ಟ್ ಒತ್ತಿದರೆ ಕೆಲವೇ ಕ್ಷಣದಲ್ಲಿ ಕೆಲಸ ಮುಗಿಯುತ್ತದೆ, ಡ್ರೈವ್ ಪೂರ್ತಿ ಖಾಲಿ ಎಂದು ತೋರಿಸುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಆಗ ಬದಲಾದದ್ದು ಪಟ್ಟಿ ಮಾತ್ರ. ಪಹಣಿಯ ಪುಸ್ತಕವೇ ಹೊಸದಾಯಿತು, ಹೊಲವನ್ನು ಯಾರೂ ಹರಗಲಿಲ್ಲ. ಮೂರನೆಯದು ಟಿಕ್ ತೆಗೆದು ಮಾಡುವ ಪೂರ್ಣ ಫಾರ್ಮ್ಯಾಟ್. ವಿಂಡೋಸ್ ವಿಸ್ಟಾದಿಂದ ಈಚೆಗಿನ ಆವೃತ್ತಿಗಳಲ್ಲಿ ಇದು ಡ್ರೈವ್‌ನ ಉದ್ದಗಲಕ್ಕೂ ಸೊನ್ನೆ ಬರೆಯುತ್ತದೆ, ಹಾಗಾಗಿ ಹಳೆಯದು ನಿಜವಾಗಿ ಹೋಗುತ್ತದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಪೂರ್ಣ ಫಾರ್ಮ್ಯಾಟ್ ಕೂಡ ಡಿಸ್ಕ್ ಕೆಟ್ಟಿದೆಯೇ ಎಂದು ನೋಡುತ್ತಿತ್ತೇ ಹೊರತು ಹಳೆಯದನ್ನು ಅಳಿಸುತ್ತಿರಲಿಲ್ಲ. ಮೂಲೆಯಲ್ಲಿ ಕೂತ ಹಳೆಯ ಯಂತ್ರಗಳನ್ನು ವಿಲೇವಾರಿ ಮಾಡುವವರು ಇದನ್ನು ಮರೆಯಬಾರದು. ಎಷ್ಟು ಹೊತ್ತು ಹಿಡಿಯಿತು ಎಂಬುದೇ ಇಲ್ಲಿ ನಂಬಬಹುದಾದ ಅಳತೆ. 1 ಟಿಬಿ ಹಾರ್ಡ್ ಡಿಸ್ಕ್‌ನ ಪೂರ್ಣ ಫಾರ್ಮ್ಯಾಟ್‌ಗೆ ಹಲವು ಗಂಟೆ ಬೇಕು. ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿದ್ದರೆ ಫೈಲ್‌ಗಳು ಅಲ್ಲೇ ಇವೆ.

ಸರಿಯಾದ ಕ್ರಮ ಹೀಗಿದೆ. ಮೊದಲು, ಬೇಕಾದ ಫೈಲ್‌ಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ಎರಡನೆಯದಾಗಿ, ಒಂದೇ ಫೈಲಿನ ಪ್ರತಿಗಳು ಎಲ್ಲೆಲ್ಲಿವೆ ಎಂದು ಹುಡುಕಿ: ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ಸ್ಕ್ಯಾನರಿನ ಫೋಲ್ಡರ್, ಕಳುಹಿಸಿದ ಮೇಲ್, ಗೂಗಲ್ ಡ್ರೈವ್. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಪ್ರಿಂಟ್‌ಗೆಂದು ಇಳಿಸಿಕೊಂಡಿದ್ದರೆ, ಚಾಟ್ ಅಳಿಸಿದರೂ ಆ ಪ್ರತಿ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಗೂಗಲ್ ಡ್ರೈವ್‌ನ ಟ್ರ್ಯಾಶ್‌ನಲ್ಲಿ ಫೈಲ್ 30 ದಿನ ಇರುತ್ತದೆ, ಅದನ್ನೂ ಖಾಲಿ ಮಾಡಬೇಕು. ಮೂರನೆಯದಾಗಿ, ನಿಮ್ಮದು ತಿರುಗುವ ಹಾರ್ಡ್ ಡಿಸ್ಕೋ, ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯೋ ಎಂದು ತಿಳಿದುಕೊಳ್ಳಿ. ಸ್ಟಾರ್ಟ್ ಮೆನುವಿನಲ್ಲಿ ಡಿಫ್ರ್ಯಾಗ್ಮೆಂಟ್ ಎಂದು ಹುಡುಕಿ ತೆರೆದರೆ ಪ್ರತಿ ಡ್ರೈವ್‌ನ ಮುಂದೆ ಅದರ ಬಗೆ ಬರೆದಿರುತ್ತದೆ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಹಾರ್ಡ್ ಡಿಸ್ಕ್ ಆಗಿದ್ದು ಕಂಪ್ಯೂಟರನ್ನು ಮುಂದೆಯೂ ಬಳಸುವುದಿದ್ದರೆ, ಬೇಡದ ಫೈಲ್‌ಗಳನ್ನು ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿ. ಆಮೇಲೆ ಖಾಲಿ ಜಾಗವನ್ನು ಹರಗಬೇಕು. ಅದಕ್ಕೆ ವಿಂಡೋಸ್‌ನಲ್ಲೇ ಸೈಫರ್ ಎಂಬ ಆದೇಶವಿದೆ, ದುಡ್ಡು ಕೊಡಬೇಕಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಸಿ, ಐ, ಪಿ, ಎಚ್, ಇ, ಆರ್ ಎಂಬ ಆರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ, ಒಂದು ಸ್ಪೇಸ್ ಬಿಡಿ. ನಂತರ ಮುಂದಕ್ಕೆ ಬಾಗಿದ ಓರೆಗೆರೆ, ಡಬ್ಲ್ಯು ಅಕ್ಷರ, ಕೋಲನ್, ಡ್ರೈವ್‌ನ ಅಕ್ಷರ, ಮತ್ತೊಂದು ಕೋಲನ್ ಹಾಕಿ ಎಂಟರ್ ಒತ್ತಿ. ಅದು ಖಾಲಿ ಜಾಗದ ಮೇಲೆ ಮೂರು ಸಲ ಬರೆಯುತ್ತದೆ: ಮೊದಲು ಸೊನ್ನೆ, ಆಮೇಲೆ ಒಂದು, ಕೊನೆಗೆ ಅಡ್ಡಾದಿಡ್ಡಿ ಅಂಕಿ. ಇರುವ ಫೈಲ್‌ಗಳನ್ನು ಅದು ಮುಟ್ಟುವುದಿಲ್ಲ, ಹಾಗಾಗಿ ಹೆದರಬೇಕಿಲ್ಲ. ಬೇಡದ್ದನ್ನು ಮೊದಲೇ ಡಿಲೀಟ್ ಮಾಡದಿದ್ದರೆ ಅದೂ ಉಳಿಯುತ್ತದೆ ಎಂಬುದನ್ನು ಗಮನಿಸಿ. ಗಂಟೆಗಟ್ಟಲೆ ಹಿಡಿಯುವುದರಿಂದ ರಾತ್ರಿ ಹಚ್ಚಿ ಹೋಗುವುದು ಒಳ್ಳೆಯದು, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಮಾಡಬೇಕು.

ಮೂರು ಸಲ ಸಾಕೇ, 35 ಸಲ ಬರೆಯಬೇಕಂತೆ ಎಂಬ ಮಾತೂ ಚಾಲ್ತಿಯಲ್ಲಿದೆ. ಅದರ ಮೂಲ ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧ. ಅಂದಿನ ಬೇರೆ ಬೇರೆ ತಂತ್ರಗಳ ಡಿಸ್ಕ್‌ಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಅವರು ಆ ಸಂಖ್ಯೆಗೆ ಬಂದಿದ್ದರು. ಈಗಿನ ಡಿಸ್ಕ್‌ಗಳಿಗೆ 35 ಸಲ ಬರೆಯುವುದರಲ್ಲಿ ಅರ್ಥವಿಲ್ಲವೆಂದು ಅವರೇ ಮುಂದೆ ಸ್ಪಷ್ಟಪಡಿಸಿದರು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಕೂಡ 2014ರ ಮಾರ್ಗಸೂಚಿಯಲ್ಲಿ, ಇಂದಿನ ಹಾರ್ಡ್ ಡಿಸ್ಕ್‌ಗೆ ಒಂದು ಸಲ ಪೂರ್ತಿ ಮೇಲೆ ಬರೆದರೆ ಸಾಮಾನ್ಯವಾಗಿ ಸಾಕು ಎಂದಿದೆ. 35 ಸಲ ಎಂದು ಹೆದರಿ ಒಂದು ಸಲವೂ ಮಾಡದೆ ಬಿಡುವುದೇ ದೊಡ್ಡ ನಷ್ಟ.

ಎಸ್‌ಎಸ್‌ಡಿಗೆ ಈ ಹರಗುವ ಲೆಕ್ಕ ಪೂರ್ತಿ ನಡೆಯುವುದಿಲ್ಲ. ಅದರೊಳಗಿನ ಚಿಪ್‌ಗಳು ಸವೆಯದಿರಲೆಂದು ಅದು ಪ್ರತಿ ಸಲವೂ ಬೇರೆ ಜಾಗದಲ್ಲಿ ಬರೆಯುತ್ತದೆ. ನೀವು ಹಳೆಯ ಫೈಲಿನ ಮೇಲೆ ಬರೆದಿರೆಂದುಕೊಂಡದ್ದು ಪಕ್ಕದ ಹೊಲದಲ್ಲಿ ಬಿದ್ದಿರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು 2011ರಲ್ಲಿ ಪರೀಕ್ಷಿಸಿದಾಗ, ಒಂದೊಂದೇ ಫೈಲ್ ಅಳಿಸುವ ಪ್ರತಿ ವಿಧಾನವೂ ಎಸ್‌ಎಸ್‌ಡಿಯಲ್ಲಿ ಸೋತಿತು, ಫೈಲಿನ ಶೇ 4ರಿಂದ ಶೇ 75ರಷ್ಟು ಭಾಗ ಉಳಿದಿತ್ತು. ಆಪಲ್ ಕಂಪನಿ ತನ್ನ ಮ್ಯಾಕ್‌ನಲ್ಲಿದ್ದ 'ಸೆಕ್ಯೂರ್ ಎಂಪ್ಟಿ ಟ್ರ್ಯಾಶ್' ಸೌಲಭ್ಯವನ್ನು 2015ರಲ್ಲಿ ತೆಗೆದುಹಾಕಿದ್ದೂ ಇಂಥ ಡಿಸ್ಕ್‌ಗಳಲ್ಲಿ ಖಾತ್ರಿ ಕೊಡಲಾಗದು ಎಂದೇ. ಆದ್ದರಿಂದ ಎಸ್‌ಎಸ್‌ಡಿಗೆ ಅಳಿಸುವ ದಿನದ ಉಪಾಯಕ್ಕಿಂತ ಕೊಂಡ ದಿನದ ಉಪಾಯ ಮೇಲು. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಮಾಡಿಟ್ಟರೆ ಎಲ್ಲವೂ ಗೂಢಲಿಪಿಯಲ್ಲಿ ಕೂಡುತ್ತದೆ, ಮುಂದೊಂದು ದಿನ ಅದರ ಕೀಲಿ ನಾಶವಾದರೆ ಉಳಿದ ಚೂರುಗಳು ಯಾರಿಗೂ ಓದಲು ಬರುವುದಿಲ್ಲ. ರಿಕವರಿ ಕೀಲಿಯನ್ನು ಮಾತ್ರ ಕಾಗದದಲ್ಲಿ ಬರೆದು ಜೋಪಾನ ಮಾಡಿ, ಅದು ಕಳೆದರೆ ನಿಮ್ಮ ಫೈಲ್ ನಿಮಗೂ ಸಿಗದೆ ಹೋಗಬಹುದು. ಈಗಾಗಲೇ ಗೂಢಲಿಪಿಯಿಲ್ಲದೆ ಬಳಸಿದ ಎಸ್‌ಎಸ್‌ಡಿಯಾದರೆ, ತಯಾರಕರ ಸೆಕ್ಯೂರ್ ಎರೇಸ್ ತಂತ್ರಾಂಶದಿಂದ ಇಡೀ ಡಿಸ್ಕನ್ನೇ ಅಳಿಸಬೇಕು.

ಕಂಪ್ಯೂಟರ್ ಮಾರುವುದಾದರೆ ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್‌ನೊಳಗೆ 'ರೀಸೆಟ್ ದಿಸ್ ಪಿಸಿ' ತೆರೆದು 'ರಿಮೂವ್ ಎವೆರಿಥಿಂಗ್' ಆರಿಸಿ. ಅಲ್ಲೇ ನಿಲ್ಲಬೇಡಿ, 'ಚೇಂಜ್ ಸೆಟ್ಟಿಂಗ್ಸ್' ಒತ್ತಿ ಡೇಟಾ ಕ್ಲೀನ್ ಮಾಡುವ ಆಯ್ಕೆಯನ್ನೂ ಎಲ್ಲ ಡ್ರೈವ್ ಅಳಿಸುವ ಆಯ್ಕೆಯನ್ನೂ ಆನ್ ಮಾಡಿ. ಈ ಎರಡನ್ನು ಬಿಟ್ಟರೆ ಮತ್ತೆ ಸಿ ಡ್ರೈವ್‌ನ ಕಥೆಯೇ. ಮುಗಿದ ಮೇಲೆ ರೆಕುವಾ ಹಾಕಿ ನೀವೇ ಹುಡುಕಿ ನೋಡಿ. ನಿಮಗೆ ಒಂದು ಹಳೆಯ ಚಿತ್ರ ಸಿಕ್ಕರೂ ಕೊಂಡವರಿಗೂ ಸಿಗುತ್ತದೆ.

ಒಂದು ಎಚ್ಚರಿಕೆ. ಸರ್ಕಾರಿ ಕಡತ, ಲೆಕ್ಕಪತ್ರ, ತನಿಖೆಯಲ್ಲಿರುವ ದಾಖಲೆಗಳಿಗೆ ಈ ವಿಧಾನಗಳನ್ನು ಬಳಸಬೇಡಿ. ಸಾಕ್ಷ್ಯವಾಗಬಹುದಾದ ವಿದ್ಯುನ್ಮಾನ ದಾಖಲೆಯನ್ನು ಸಿಗದಂತೆ ನಾಶಮಾಡುವುದು ಶಿಕ್ಷಾರ್ಹ ಅಪರಾಧ. ಉದ್ದೇಶ ಮುಗಿದ ಮೇಲೆ ಜನರ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕೆನ್ನುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ಬೇರೆ ಕಾನೂನಿನಡಿ ಇಡಬೇಕಾದ್ದನ್ನು ಅಳಿಸಿ ಎನ್ನುವುದಿಲ್ಲ.

ಉಳಿದವು ಚುಟುಕಾಗಿ. ಪೆನ್ ಡ್ರೈವ್: ಕ್ವಿಕ್ ಟಿಕ್ ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿ, ಬಹಳ ಗುಟ್ಟಿನದಿದ್ದರೆ ಒಳಗಿನ ಚಿಪ್ಪನ್ನೇ ಪುಡಿ ಮಾಡಿ. ಮೊಬೈಲ್: ಗೂಗಲ್ ಖಾತೆ ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿ. ಈಚಿನ ಫೋನ್‌ಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುವುದರಿಂದ ಅಷ್ಟು ಸಾಕು, ಮೆಮೊರಿ ಕಾರ್ಡ್ ಹೊರತೆಗೆಯಲು ಮರೆಯಬೇಡಿ. ದೊಡ್ಡ ಝೆರಾಕ್ಸ್ ಯಂತ್ರ: ಹಲವು ಯಂತ್ರಗಳೊಳಗೆ ಹಾರ್ಡ್ ಡಿಸ್ಕ್ ಇರುತ್ತದೆ. ಬಾಡಿಗೆಯ ಯಂತ್ರಗಳನ್ನು ಡಿಸ್ಕ್ ಅಳಿಸದೆ ಹಿಂದಿರುಗಿಸಿದ್ದಕ್ಕೆ ಅಮೆರಿಕದ ಒಂದು ಆರೋಗ್ಯ ವಿಮಾ ಸಂಸ್ಥೆ 2013ರಲ್ಲಿ 12 ಲಕ್ಷ ಡಾಲರ್‌ಗೂ ಹೆಚ್ಚು ತೆರಬೇಕಾಯಿತು. ಮಾರುವ ಮುನ್ನ ಸರ್ವಿಸ್‌ನವರಿಂದ ಡಿಸ್ಕ್ ಅಳಿಸಿಕೊಳ್ಳಿ. ಕೆಟ್ಟು ನಿಂತ ಹಾರ್ಡ್ ಡಿಸ್ಕ್: ಗುಜರಿಗೆ ಕೊಡುವ ಮುನ್ನ ಬಿಚ್ಚಿ, ಒಳಗಿನ ತಟ್ಟೆಗಳನ್ನು ಮುರಿಯಿರಿ. ಅಂಗಡಿ ನಡೆಸುವವರು ಪ್ರತಿ ಶನಿವಾರ ರಾತ್ರಿ ಫೋಲ್ಡರ್ ಖಾಲಿ ಮಾಡಿ, ಹಾರ್ಡ್ ಡಿಸ್ಕ್ ಆಗಿದ್ದರೆ ಸೈಫರ್ ಹಚ್ಚಿ ಮನೆಗೆ ಹೋಗಲಿ. ಸ್ಕ್ಯಾನ್ ಮಾಡಿಸುವವರು ಅರ್ಜಿ ಹೋದ ಕೂಡಲೇ ಎದುರಿಗೇ ಫೈಲ್ ತೆಗೆಸಲಿ, ಆ ಶನಿವಾರದ ಕೆಲಸ ನಡೆಯುತ್ತದೆಯೇ ಎಂದೂ ಕೇಳಲಿ.