ಗರ್ಭಿಣಿಯರಲ್ಲಿ ಎಚ್‌ಪಿವಿ ಸೋಂಕು: ಮುಚ್ಚಿಡಬೇಡಿ

ಬಸಿರಿನಲ್ಲಿ ಜನನಾಂಗದ ಬಳಿ ನರಹುಲಿ ಕಾಣಿಸಿಕೊಂಡರೆ ಅನೇಕ ಹೆಣ್ಣುಮಕ್ಕಳು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಇದಕ್ಕೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ನರಹುಲಿಯನ್ನು ಬಹುಮಟ್ಟಿಗೆ ಉಂಟುಮಾಡುವುದು 6 ಮತ್ತು 11ನೇ ಬಗೆಗಳು. ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣ 16 ಮತ್ತು 18ನೇ ಬಗೆಗಳು. ಆದ್ದರಿಂದ ನರಹುಲಿ ಎಂದರೆ ಕ್ಯಾನ್ಸರ್ ಅಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ವರ್ಷಗಟ್ಟಲೆ ಯಾವ ಲಕ್ಷಣವೂ ಇಲ್ಲದೆ ದೇಹದಲ್ಲಿರಬಲ್ಲದು. ಹೀಗಾಗಿ ಗಂಡಹೆಂಡಿರು ಒಬ್ಬರನ್ನೊಬ್ಬರು ಶಂಕಿಸುವುದು ಸರಿಯಲ್ಲ.

ಚಿಕಿತ್ಸೆ ಹೇಗೆ?

ಗರ್ಭಾವಸ್ಥೆಯಲ್ಲಿ ಹಾರ್ಮೋನು ಮತ್ತು ರೋಗನಿರೋಧಕ ಶಕ್ತಿಯಲ್ಲಾಗುವ ಬದಲಾವಣೆಯಿಂದ ನರಹುಲಿಗಳು ಬೇಗ ಬೆಳೆಯಬಹುದು. ಹೆರಿಗೆಯ ನಂತರ ಅನೇಕ ವೇಳೆ ತಾವಾಗಿಯೇ ಕುಗ್ಗುತ್ತವೆ. ಚಿಕ್ಕದಾಗಿದ್ದು ತೊಂದರೆ ಕೊಡದಿದ್ದರೆ ಹಾಗೆಯೇ ಬಿಡಬಹುದು. ದೊಡ್ಡದಾದರೆ ವೈದ್ಯರು ಅತಿಶೀತದಿಂದ, ಟ್ರೈಕ್ಲೋರೊಅಸಿಟಿಕ್ ಆಮ್ಲದಿಂದ ಅಥವಾ ಶಸ್ತ್ರಕ್ರಿಯೆಯಿಂದ ತೆಗೆಯುತ್ತಾರೆ. ಪೊಡೊಫಿಲಿನ್, ಇಮಿಕ್ವಿಮಾಡ್ ಔಷಧಿಗಳನ್ನು ಗರ್ಭಿಣಿಯರು ಬಳಸಬಾರದು. ಸುಣ್ಣ ಹಚ್ಚಿ ಸುಡುವುದಂತೂ ಬೇಡವೇ ಬೇಡ.

ಹೆರಿಗೆ ಮತ್ತು ಮಗು

ಎಚ್‌ಪಿವಿ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಅಗತ್ಯವಿಲ್ಲ. ನರಹುಲಿಗಳು ಮಗು ಬರುವ ದಾರಿಗೆ ಅಡ್ಡವಾದರೆ ಅಥವಾ ಅತಿಯಾದ ರಕ್ತಸ್ರಾವದ ಭಯವಿದ್ದರೆ ಮಾತ್ರ ಅದು ಬೇಕಾಗುತ್ತದೆ. ಅಪರೂಪಕ್ಕೆ ಮಗುವಿನ ಗಂಟಲಲ್ಲಿ ನರಹುಲಿ ಬೆಳೆಯಬಹುದು. ಮಗುವಿನ ದನಿ ಬಹುದಿನ ಒಡೆದಂತಿದ್ದರೆ ವೈದ್ಯರಿಗೆ ತೋರಿಸಿ. ಎದೆಹಾಲು ನಿಲ್ಲಿಸಬೇಕಾಗಿಲ್ಲ.

ಎಚ್‌ಪಿವಿ ಲಸಿಕೆಯನ್ನು ಬಸಿರಿನಲ್ಲಿ ಹಾಕುವುದಿಲ್ಲ. ಗರ್ಭ ನಿಂತದ್ದು ತಿಳಿಯದೆ ಹಾಕಿಸಿಕೊಂಡಿದ್ದರೆ ಗಾಬರಿ ಬೇಡ, ಗರ್ಭಪಾತದ ಅಗತ್ಯವೂ ಇಲ್ಲ. ಉಳಿದ ಡೋಸುಗಳನ್ನು ಹೆರಿಗೆಯ ನಂತರ ಪಡೆಯಬಹುದು.

ಹೆರಿಗೆಯ ನಂತರ ಮರೆಯಬೇಡಿ

ಪ್ಯಾಪ್ ಪರೀಕ್ಷೆಯಲ್ಲಿ ದೋಷ ಕಂಡರೂ, ಕ್ಯಾನ್ಸರಿನ ಗುರುತಿಲ್ಲದಿದ್ದರೆ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೆರಿಗೆಯ ನಂತರಕ್ಕೆ ಮುಂದೂಡಲಾಗುತ್ತದೆ. ತಪ್ಪುವುದು ಇಲ್ಲಿಯೇ. ಭಾಲ್ಕಿಯಲ್ಲಿ ತೋರಿಸಿಕೊಂಡವಳು ಬಾಣಂತನಕ್ಕೆ ಔರಾದದ ತವರಿಗೆ ಹೋದರೆ ಚೀಟಿ ಗಂಡನ ಮನೆಯಲ್ಲೇ ಉಳಿಯುತ್ತದೆ, ಮರುಪರೀಕ್ಷೆ ಮರೆತುಹೋಗುತ್ತದೆ. ವರದಿಯನ್ನು ತಾಯಿ ಕಾರ್ಡಿನೊಂದಿಗೇ ಇಟ್ಟುಕೊಳ್ಳಿ. ಹೆರಿಗೆಯಾಗಿ ಸುಮಾರು 3 ತಿಂಗಳಿಗೆ ಮರುಪರೀಕ್ಷೆ ಮಾಡಿಸಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಭಾಲ್ಕಿ, ಔರಾದ ತಾಲ್ಲೂಕು ಆಸ್ಪತ್ರೆಗಳಲ್ಲಿ ಅಥವಾ ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲಿ ಸಂಕೋಚವಿಲ್ಲದೆ ಹೇಳಿಕೊಳ್ಳಿ. ರಕ್ತಸ್ರಾವವಾದರೆ ಮಾತ್ರ 9ನೇ ತಾರೀಖಿಗೆ ಕಾಯದೆ ಕೂಡಲೇ ಹೋಗಿ.